ಸಿಪಾಯಿಯ ಹಲ್ಲು ಸರ್ಕಾರದ್ದು, ಸಂಸಾರದ ಹಲ್ಲು?

1857ರ ದಂಗೆಯ ಕಥೆ ಓದಿದವರಿಗೆಲ್ಲ ಕಾಡತೂಸಿನ ಸಂಗತಿ ಗೊತ್ತು. ಹೊಸ ಎನ್‌ಫೀಲ್ಡ್ ಬಂದೂಕಿನ ಕಾಡತೂಸಿಗೆ ಹಸುವಿನ, ಹಂದಿಯ ಕೊಬ್ಬು ಸವರಿದ್ದಾರೆಂಬ ಸುದ್ದಿ ಹಬ್ಬಿ ಸಿಪಾಯಿಗಳು ಕೆರಳಿದರು. ಬಂದೂಕಿಗೆ ಹಚ್ಚಿದ ಕೊಬ್ಬು ಬಾಯಿಗೆ ಬರುವುದೇಕೆ ಎಂದು ಕೇಳಬಹುದು. ಕಾಗದದಲ್ಲಿ ಸುತ್ತಿದ ಕಾಡತೂಸಿನ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು, ಒಳಗಿನ ಮದ್ದಿನ ಪುಡಿಯನ್ನು ನಳಿಕೆಗೆ ಸುರಿಯಬೇಕೆಂಬುದು ಆ ಕಾಲದ ಕವಾಯತಿನ ಪಾಠ. ಒಂದು ಕೈಯಲ್ಲಿ ಬಂದೂಕು, ಇನ್ನೊಂದರಲ್ಲಿ ಕಾಡತೂಸು. ಹರಿಯಲು ಉಳಿದದ್ದು ಹಲ್ಲೊಂದೇ.

ನಾಲ್ಕು ವರ್ಷಗಳ ಅನಂತರ ಅಮೆರಿಕದಲ್ಲಿ ಅಂತರ್ಯುದ್ಧ (1861–65) ಆರಂಭವಾದಾಗ ಅಲ್ಲಿನ ಪದಾತಿಯೂ ಹೀಗೆಯೇ ಕಚ್ಚಿ ಹರಿಯುತ್ತಿದ್ದ. ಕೊಬ್ಬಿನ ಗೊಡವೆ ಅಲ್ಲಿರಲಿಲ್ಲ, ಆದರೆ ಹಲ್ಲಿನ ಗೊಡವೆ ಇತ್ತು. ಮೇಲೆ ಕೆಳಗೆ ಒಂದಕ್ಕೊಂದು ಕೂಡುವ ಮುಂದಿನ ಹಲ್ಲುಗಳಿಲ್ಲದವನು ಕಾಲಾಳಿನ ಕೆಲಸಕ್ಕೆ ಬಾರದವನೆಂದು ವೈದ್ಯಾಧಿಕಾರಿಗಳು ಹಿಂದಕ್ಕೆ ಕಳಿಸುತ್ತಿದ್ದರು. ಅಂದರೆ ಸೈನ್ಯದ ದೃಷ್ಟಿಯಲ್ಲಿ ಹಲ್ಲು ಮೊದಲು ಒಂದು ಆಯುಧ, ಆಮೇಲೆ ಅವಯವ. ಆ ದೃಷ್ಟಿ ಪೂರ್ತಿ ಬದಲಾಗಿದೆ ಎನ್ನುವಂತಿಲ್ಲ. ಇಂದು ಅಮೆರಿಕದ ಸೈನಿಕನೊಬ್ಬನ ಮನೆಯಲ್ಲಿ ಗಂಡ ಹೆಂಡತಿ ಕೂತು, ಮಕ್ಕಳ ಹಲ್ಲಿಗೆ ವಿಮೆ ಮಾಡಿಸಬೇಕೇ ಬೇಡವೇ ಎಂದು ಲೆಕ್ಕ ಹಾಕುವುದರ ಹಿಂದೆ ಈ ಹಳೆಯ ದೃಷ್ಟಿಯೇ ಇದೆ. ಸೈನಿಕನ ಹಲ್ಲಿನ ಸಂಪೂರ್ಣ ಹೊಣೆ ಸರ್ಕಾರದ್ದು. ಅವನ ಹೆಂಡತಿ ಮಕ್ಕಳ ಹಲ್ಲು ಅಷ್ಟರಮಟ್ಟಿಗೆ ಸರ್ಕಾರದ ನಂಟಲ್ಲ.

ಬಂದೂಕಿನ ಬಾಯಿ ಬದಲಾಗಿ ಕಚ್ಚುವ ಕಾಡತೂಸು ಹೋದ ಮೇಲೂ ಹಲ್ಲುನೋವು ಸೈನ್ಯವನ್ನು ಬಿಡಲಿಲ್ಲ. 1898ರ ಸ್ಪೇನ್ ಯುದ್ಧದ ತರುವಾಯ ಫಿಲಿಪ್ಪೀನ್ಸ್‌ನಲ್ಲಿ ಬೀಡುಬಿಟ್ಟ ಪಡೆಗಳಿಗೆ ಹಲ್ಲಿನ ವೈದ್ಯರೇ ಇರಲಿಲ್ಲ. 1901ರ ಫೆಬ್ರುವರಿಯಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್, ಸಾವಿರ ಸೈನಿಕರಿಗೆ ಒಬ್ಬರಂತೆ, ಒಟ್ಟು 30 ಮೀರದಂತೆ, ಗುತ್ತಿಗೆಯ ಮೇಲೆ ದಂತವೈದ್ಯರನ್ನು ನೇಮಿಸಿಕೊಳ್ಳಲು ಒಪ್ಪಿತು. ಹಾಗೆ ಮೊದಲು ಸೇರಿದವರು ಜಾನ್ ಸೇಯರ್ ಮಾರ್ಷಲ್. ಹತ್ತು ವರ್ಷ ಇವರು ಸೈನ್ಯದಲ್ಲಿದ್ದೂ ಇಲ್ಲದವರಂತೆ ದುಡಿದರು. 1911ರಲ್ಲಿ ಭೂಸೇನೆಗೆ ತನ್ನದೇ ದಂತದಳ ಬಂತು, ಮರುವರ್ಷ ನೌಕಾಪಡೆಗೂ ಬಂತು.

ಎರಡನೆಯ ಮಹಾಯುದ್ಧದ ಹೊತ್ತಿಗೆ ಒಂದು ಸತ್ಯ ಎಲ್ಲರೆದುರು ಬಯಲಾಯಿತು. 1940ರಲ್ಲಿ ಕಡ್ಡಾಯ ಸೇನಾಭರ್ತಿ ಆರಂಭವಾದಾಗ, ಒಂದಕ್ಕೊಂದು ಕೂಡುವ ಮೂರು ಜೊತೆ ಬಾಚಿಹಲ್ಲು, ಮೂರು ಜೊತೆ ದವಡೆಹಲ್ಲು ಇರಲೇಬೇಕೆಂಬ ನಿಯಮವಿತ್ತು. ಹನ್ನೆರಡು ಹಲ್ಲು ದೊಡ್ಡ ಬೇಡಿಕೆಯೇನಲ್ಲ. ಆದರೂ ತಿರಸ್ಕೃತರಾದ ಯುವಕರ ಪಟ್ಟಿಯಲ್ಲಿ ಹಲ್ಲಿನ ದೋಷವೇ ಮೊದಲ ಕಾರಣವಾಗಿ ನಿಂತಿತು. ಆರ್ಥಿಕ ಮುಗ್ಗಟ್ಟಿನ ದಶಕದಲ್ಲಿ ಬೆಳೆದ ಹುಡುಗರು ಅವರು. ದಂತವೈದ್ಯರ ಕುರ್ಚಿಯನ್ನೇ ನೋಡದವರು ಎಷ್ಟೋ ಮಂದಿ. ಯುದ್ಧ ನಿಯಮ ಕೇಳುವುದಿಲ್ಲ. 1942ರಲ್ಲಿ ಈ ಷರತ್ತನ್ನು ಸಡಿಲಿಸಿ, ಹಲ್ಲಿಲ್ಲದವರನ್ನೂ ಸೇರಿಸಿಕೊಂಡು, ಸೈನ್ಯವೇ ಅವರಿಗೆ ಹಲ್ಲು ಕಟ್ಟಿಸಿಕೊಟ್ಟಿತು.

ಅಂದಿನಿಂದ ಸಮವಸ್ತ್ರದೊಳಗಿನ ಹಲ್ಲಿಗೆ ಕೊರತೆಯಿಲ್ಲ. ಈಗ ಪ್ರತಿ ಸೈನಿಕನ ಬಾಯಿಗೂ ಒಂದು ದರ್ಜೆ ಇದೆ. ಹಲ್ಲೆಲ್ಲ ನೆಟ್ಟಗಿದ್ದರೆ ಒಂದನೆಯ ದರ್ಜೆ. ಸಣ್ಣಪುಟ್ಟ ಕೆಲಸ ಬಾಕಿಯಿದ್ದು, ಹನ್ನೆರಡು ತಿಂಗಳೊಳಗೆ ತೊಂದರೆ ಕೊಡಲಾರದು ಎನ್ನುವಂತಿದ್ದರೆ ಎರಡನೆಯದು. ಕೊಡಬಹುದು ಎಂದಾದರೆ ಮೂರನೆಯದು. ವರ್ಷದ ತಪಾಸಣೆಯನ್ನೇ ತಪ್ಪಿಸಿಕೊಂಡವನಿಗೆ ನಾಲ್ಕನೆಯದು. ಮೂರು, ನಾಲ್ಕರವರನ್ನು ಸಾಮಾನ್ಯವಾಗಿ ಯುದ್ಧಭೂಮಿಗೆ ಕಳಿಸುವುದಿಲ್ಲ. ಮರುಭೂಮಿಯ ನಡುವೆ ದವಡೆ ಊದಿಕೊಂಡವನು ತಾನೂ ಕೆಲಸಕ್ಕೆ ಬಾರ, ಅವನನ್ನು ಹೊತ್ತು ತರುವ ಹೆಲಿಕಾಪ್ಟರನ್ನೂ ಬೇರೆ ಕೆಲಸಕ್ಕೆ ಬಿಡ.

ಇಷ್ಟೆಲ್ಲ ಕಾಳಜಿ ಮನೆಯ ಹೊಸ್ತಿಲ ಬಳಿ ನಿಂತುಬಿಡುತ್ತದೆ.

1956ರಲ್ಲಿ ಕಾಂಗ್ರೆಸ್ ಸೈನಿಕರ ಅವಲಂಬಿತರ ವೈದ್ಯಕೀಯ ಕಾಯಿದೆಯನ್ನು ಮಾಡಿತು. ಹೆರಿಗೆ, ಶಸ್ತ್ರಕ್ರಿಯೆ, ಆಸ್ಪತ್ರೆವಾಸ ಎಲ್ಲಕ್ಕೂ ಅದರಲ್ಲಿ ಒಂದು ದಾರಿ ತೆರೆಯಿತು. ಹಲ್ಲಿಗೆ ಮಾತ್ರ ತೆರೆಯಲಿಲ್ಲ. ತುರ್ತು ನೋವಿಗೆ, ಇನ್ನೊಂದು ಕಾಯಿಲೆಯ ಚಿಕಿತ್ಸೆಗೆ ಅಗತ್ಯವಾಗಿ ಸೇರಿಬಂದ ಹಲ್ಲಿನ ಕೆಲಸಕ್ಕೆ ಅನುಮತಿ ಇತ್ತು. ಉಳಿದಂತೆ, ಸೈನ್ಯದ ದಂತವೈದ್ಯರು ಕುಟುಂಬದವರನ್ನು ನೋಡಬಹುದಾದದ್ದು ವಿದೇಶದ ಠಾಣ್ಯಗಳಲ್ಲಿ, ಇಲ್ಲವೇ ಖಾಸಗಿ ದಂತವೈದ್ಯರು ಸಾಕಷ್ಟಿಲ್ಲದ ದೂರದ ಊರುಗಳಲ್ಲಿ ಮಾತ್ರ. ಈ ಷರತ್ತಿನ ಒಳಗುಟ್ಟು ಷರತ್ತಿನಲ್ಲೇ ಇದೆ. ಊರಿನಲ್ಲಿ ಖಾಸಗಿ ದಂತವೈದ್ಯರಿದ್ದರೆ ಗಿರಾಕಿ ಅವರಿಗೇ ಹೋಗಬೇಕು. 1966ರಲ್ಲಿ ಸೈನಿಕ ಕುಟುಂಬಗಳ ವೈದ್ಯಕೀಯ ನೆರವನ್ನು ಬಹಳ ವಿಸ್ತರಿಸಿದಾಗಲೂ ಹಲ್ಲು ಹೊರಗೇ ಉಳಿಯಿತು.

ಹಲ್ಲನ್ನು ದೇಹದಿಂದ ಬೇರೆ ಮಾಡಿ ನೋಡುವುದು ಸೈನ್ಯದವರ ಸ್ವಂತ ಆವಿಷ್ಕಾರವಲ್ಲ. 1840ರಲ್ಲಿ ಬಾಲ್ಟಿಮೋರ್‌ನಲ್ಲಿ ಮೊದಲ ದಂತವೈದ್ಯ ಕಾಲೇಜು ತೆರೆದಾಗ ಅದು ವೈದ್ಯಕೀಯ ಕಾಲೇಜಿನಿಂದ ಪ್ರತ್ಯೇಕವಾಗಿಯೇ ತೆರೆಯಿತು. ಅಂದಿನಿಂದ ಆ ದೇಶದಲ್ಲಿ ಹಲ್ಲಿನವರ ಓದು ಬೇರೆ, ಅಂಗಡಿ ಬೇರೆ, ಬಿಲ್ಲು ಬೇರೆ. ವಿಮೆಯೂ ಬೇರೆಯಾಗಿ ಬಂತು, ಅದೂ ಬಂದರಿನ ಕೂಲಿಕಾರರ ಮನೆಯಿಂದ. 1954ರಲ್ಲಿ ಪಶ್ಚಿಮ ಕರಾವಳಿಯ ಹಡಗುಕಟ್ಟೆಯ ಕಾರ್ಮಿಕರ ಸಂಘ ಮತ್ತು ಹಡಗು ಮಾಲೀಕರು ಕೂಡಿ ಕಾರ್ಮಿಕರ ಮಕ್ಕಳ ಹಲ್ಲಿನ ಖರ್ಚಿಗೆ ಒಂದು ನಿಧಿ ಏರ್ಪಡಿಸಿದರು. ಕ್ಯಾಲಿಫೋರ್ನಿಯ, ಆರೆಗನ್, ವಾಷಿಂಗ್ಟನ್ ರಾಜ್ಯಗಳ ದಂತವೈದ್ಯರು ಅದನ್ನು ನಡೆಸಲೆಂದೇ ಸಂಸ್ಥೆಗಳನ್ನು ಕಟ್ಟಿಕೊಂಡರು. ಡೆಲ್ಟಾ ಡೆಂಟಲ್ ಎಂಬ ದೊಡ್ಡ ವಿಮಾ ಬಳಗದ ಬೇರು ಅಲ್ಲಿದೆ. ಹಡಗಿನಿಂದ ಮೂಟೆ ಇಳಿಸುವವನ ಮಗುವಿಗೆ ಸಿಕ್ಕಿದ್ದು ಅದೇ ಕಟ್ಟೆಯಿಂದ ಯುದ್ಧಕ್ಕೆ ಹಡಗು ಹತ್ತುವವನ ಮಗುವಿಗೆ ಸಿಗಲು ಇನ್ನೂ ಮೂವತ್ತಮೂರು ವರ್ಷ ಬೇಕಾಯಿತು.

1973ರಲ್ಲಿ ಕಡ್ಡಾಯ ಭರ್ತಿ ನಿಂತದ್ದು ಈ ಕಥೆಯ ತಿರುವು. ಎಳೆದು ತಂದ ಒಂಟಿ ಹುಡುಗರ ಬದಲು, ಸಂಬಳಕ್ಕಾಗಿ ಸೇರಿ ವರ್ಷಗಟ್ಟಲೆ ಉಳಿಯುವ, ಮದುವೆಯಾಗಿ ಮಕ್ಕಳಿರುವ ಸೈನಿಕರು ಬಂದರು. ಇಂಥವರನ್ನು ಉಳಿಸಿಕೊಳ್ಳಬೇಕಾದರೆ ಮನೆಯವರನ್ನೂ ಒಪ್ಪಿಸಬೇಕು. ಹೊರಗಿನ ಕಂಪನಿಗಳು ಆಗಲೇ ಹಲ್ಲಿನ ವಿಮೆ ಕೊಡುತ್ತಿದ್ದವು. ಕೊನೆಗೆ 1985ರಲ್ಲಿ ಕಾಂಗ್ರೆಸ್ ಅನುಮತಿ ನೀಡಿ, 1987ರ ಆಗಸ್ಟ್ 1ರಂದು ಅವಲಂಬಿತರ ದಂತವಿಮೆ ಜಾರಿಗೆ ಬಂತು. ನಡೆಸುವ ಗುತ್ತಿಗೆ ಹಿಡಿದದ್ದು ಅದೇ ಡೆಲ್ಟಾ ಬಳಗ. ಸೈನಿಕ ತಿಂಗಳಿಗೆ ಕೊಡುವ ಕಂತು 10 ಡಾಲರ್ ಮೀರಬಾರದೆಂದು ಕಾನೂನೇ ಕಟ್ಟುಮಾಡಿತ್ತು. ಅದಕ್ಕೆ ತಕ್ಕಂತೆ ಸಿಕ್ಕಿದ್ದೂ ಅಷ್ಟಕ್ಕಷ್ಟೆ: ತಪಾಸಣೆ, ಹಲ್ಲು ತೊಳೆಯುವುದು, ಹುಳುಕು ತುಂಬುವುದು. ರೂಟ್ ಕೆನಾಲ್, ಕ್ಯಾಪ್, ಮಕ್ಕಳ ಕ್ಲಿಪ್ ಮುಂತಾದ ದುಬಾರಿ ಕೆಲಸಗಳು ಸೇರಿದ್ದು 1993ರಲ್ಲಿ, ಕಂತಿನ ಮಿತಿ 20 ಡಾಲರಿಗೆ ಏರಿದ ಮೇಲೆ. ಮುಂದೆ ಗುತ್ತಿಗೆ ಕಂಪನಿಯಿಂದ ಕಂಪನಿಗೆ ಕೈ ಬದಲಾಯಿಸಿತು. ಆದರೆ ತಳಹದಿಯ ಏರ್ಪಾಡು ಹಾಗೆಯೇ ಉಳಿಯಿತು. ಕಂತಿನ ನೂರರಲ್ಲಿ ಅರವತ್ತು ಪಾಲು ಸರ್ಕಾರದ್ದು, ನಲವತ್ತು ಸೈನಿಕನದು. ಸೇರುವುದು ಬಿಡುವುದು ಅವನ ಇಷ್ಟ.

ಇಷ್ಟ ಎಂದ ಮೇಲೆ ಲೆಕ್ಕ ಹಾಕಲೇಬೇಕು. ಆ ಲೆಕ್ಕ ತೋರುವಷ್ಟು ಸುಲಭವಲ್ಲ.

2017ರ ಮೇ 1ರಿಂದ ನಡೆದ ಗುತ್ತಿಗೆಯ ನಿಯಮಗಳನ್ನೇ ನೋಡಬಹುದು. ತಪಾಸಣೆ, ಹಲ್ಲು ಸ್ವಚ್ಛ ಮಾಡಿಸುವುದಕ್ಕೆ ಕುಟುಂಬದ ಪಾಲು ಏನೂ ಇಲ್ಲ. ಹುಳುಕು ತುಂಬಿಸಿದರೆ ನೂರಕ್ಕೆ ಇಪ್ಪತ್ತು. ರೂಟ್ ಕೆನಾಲ್‌ಗೆ ಕೆಳದರ್ಜೆಯ ಸಿಪಾಯಿಯ ಮನೆಯವರಾದರೆ ಮೂವತ್ತು, ಮೇಲಿನವರಾದರೆ ನಲವತ್ತು. ಇಡೀ ಏರ್ಪಾಡಿನಲ್ಲಿ ಸಿಪಾಯಿಯ ಬಡತನವನ್ನು ಗಮನಿಸಿದ ಜಾಗಗಳು ಕೆಲವೇ, ಅವುಗಳಲ್ಲಿ ಇದೊಂದು. ಕ್ಯಾಪ್, ಕ್ಲಿಪ್‌ಗೆ ಅರ್ಧಕ್ಕರ್ಧ. ಇದರ ಮೇಲೆ ಒಬ್ಬೊಬ್ಬರಿಗೆ ವರ್ಷಕ್ಕೆ 1500 ಡಾಲರಿನ ಮಿತಿ. ಕ್ಲಿಪ್ಪಿಗಾದರೆ ಜೀವಮಾನಕ್ಕೆಲ್ಲ ಸೇರಿ 1750.

ಈ ಮಿತಿಯಲ್ಲೇ ಹಲ್ಲಿನ ವಿಮೆಯ ಗುಟ್ಟಿದೆ. ಮನೆಗೆ, ಜೀವಕ್ಕೆ, ಆಸ್ಪತ್ರೆಗೆ ಮಾಡಿಸುವ ವಿಮೆ ದೊಡ್ಡ ಆಪತ್ತಿಗೆಂದು ಇರುವುದು. ಸಣ್ಣ ಖರ್ಚನ್ನು ನಾವು ಹೊತ್ತರೆ ದೊಡ್ಡದನ್ನು ಕಂಪನಿ ಹೊರುತ್ತದೆ. ಹಲ್ಲಿನ ವಿಮೆ ತಲೆಕೆಳಗು. ಸಣ್ಣ ಖರ್ಚನ್ನು ಕಂಪನಿ ಹೊತ್ತು, ದೊಡ್ಡದು ಬಂದಾಗ ಮಿತಿ ಮುಗಿಯಿತೆಂದು ಕೈತೊಳೆದುಕೊಳ್ಳುತ್ತದೆ. ಮಗಳ ಹಲ್ಲಿಗೆ ಕ್ಲಿಪ್ ಹಾಕಿಸಲು 5000 ಡಾಲರ್ ಆಗುತ್ತದೆ ಎಂದಿಟ್ಟುಕೊಳ್ಳೋಣ. ಅರ್ಧವೆಂದರೆ 2500 ಸಿಗಬೇಕಿತ್ತು. ಸಿಗುವುದು 1750. ಉಳಿದ 3250 ಅಪ್ಪನ ಕಿಸೆಯಿಂದಲೇ ಬರಬೇಕು. ವಿಮೆಯೆನ್ನುವುದಕ್ಕಿಂತ ಇದನ್ನು ಮುಂಗಡ ಕೊಟ್ಟು ಪಡೆದ ರಿಯಾಯಿತಿ ಎನ್ನುವುದು ಹೆಚ್ಚು ಸರಿ. ಹಾಗೆಂದು ಅದು ಬೇಡವಾದ ರಿಯಾಯಿತಿಯೂ ಅಲ್ಲ. ಕಂತಿನಲ್ಲಿ ಸರ್ಕಾರದ ಅರವತ್ತು ಪಾಲು ಇರುವುದರಿಂದ, ಆರಾರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗುವ ಮನೆಗೆ ಕೊಟ್ಟ ದುಡ್ಡು ಬಹುಮಟ್ಟಿಗೆ ಅಲ್ಲಿಯೇ ತೀರಿಬಿಡುತ್ತದೆ.

ನೋವು ಬಂದಾಗ ಸೇರಿ, ವಾಸಿಯಾದಾಗ ಬಿಟ್ಟರಾಯಿತಲ್ಲ ಎಂಬ ಜಾಣರು ಎಲ್ಲೆಡೆಯೂ ಇರುತ್ತಾರೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವರಿಂದಲೇ ವಿಮೆ ನಡೆಯುವುದಾದರೆ ಅದು ವರ್ಷದಲ್ಲೇ ದಿವಾಳಿ. ಅದಕ್ಕಾಗಿ ಒಮ್ಮೆ ಸೇರಿದವರು ಇಂತಿಷ್ಟು ಕಾಲ ಇರಲೇಬೇಕೆಂಬ ಬೇಲಿ ಹಾಕಿದ್ದಾರೆ. ಮೊದಲು ಅದು 24 ತಿಂಗಳಿತ್ತು. 2001ರಲ್ಲಿ 12ಕ್ಕೆ ಇಳಿಯಿತು. ಕಂತು ಕಟ್ಟದೆ ಹೊರಬಿದ್ದವರು ಮತ್ತೆ ಸೇರಲು ಹನ್ನೆರಡು ತಿಂಗಳು ಕಾಯಬೇಕು. ನೌಕರಿಯ ಕರಾರಿನಲ್ಲಿ ಇನ್ನು ಒಂದು ವರ್ಷವಾದರೂ ಉಳಿದಿರಬೇಕೆಂಬುದು ಇನ್ನೊಂದು ಷರತ್ತು.

ಹನ್ನೆರಡು ತಿಂಗಳು ಬೇರೆಯವರಿಗೆ ಚಿಕ್ಕ ಅವಧಿ. ಎರಡು ಮೂರು ವರ್ಷಕ್ಕೊಮ್ಮೆ ವರ್ಗವಾಗುವ ಸೈನಿಕನಿಗೆ ಅದು ಒಂದು ಊರಿನ ಅರ್ಧ ಬಾಳು. ಸ್ಯಾನ್ ಡಿಯೇಗೊ ನೌಕಾನೆಲೆಯಲ್ಲಿರುವ ಒಬ್ಬ ನಾವಿಕನ ಹನ್ನೆರಡು ವರ್ಷದ ಮಗನಿಗೆ ಕ್ಲಿಪ್ ಹಾಕಿದ್ದಾರೆನ್ನೋಣ. ಅದು ಎರಡು ವರ್ಷದ ಕೆಲಸ. ಎಂಟನೆಯ ತಿಂಗಳಿಗೆ ವರ್ಜೀನಿಯದ ನಾರ್ಫೋಕ್‌ಗೆ ವರ್ಗದ ಆದೇಶ ಬಂದರೆ, ದೇಶದ ಆ ಕೊನೆಯಿಂದ ಈ ಕೊನೆ. ವಿಮೆ ದೇಶಕ್ಕೆಲ್ಲ ಒಂದೇ ಆದ್ದರಿಂದ ಜೊತೆಗೆ ಬರುತ್ತದೆ, ಡಾಕ್ಟರು ಬರುವುದಿಲ್ಲ. ಒಬ್ಬರು ಕಟ್ಟಿದ ತಂತಿಯನ್ನು ಇನ್ನೊಬ್ಬರು ಬಿಗಿಯಲು ಒಪ್ಪಬೇಕು, ಬಾಕಿ ಲೆಕ್ಕ ಹೊಂದಬೇಕು, ಹೊಸ ಊರಿನಲ್ಲಿ ಕಂಪನಿಯ ಪಟ್ಟಿಯಲ್ಲಿರುವ ವೈದ್ಯರನ್ನು ಹುಡುಕಬೇಕು. ವರ್ಗವಾಗುವ ತನಕ ಕಾಯೋಣವೆಂದರೆ ಮಗುವಿನ ದವಡೆ ಕಾಯುವುದಿಲ್ಲ. ವರ್ಗ ವಿದೇಶಕ್ಕಾದರೆ ಲೆಕ್ಕವೇ ಬೇರೆ. ಅಲ್ಲಿನ ಠಾಣ್ಯದ ಸೈನಿಕ ದಂತಾಲಯದಲ್ಲಿ ಮನೆಯವರಿಗೂ ಜಾಗ ಸಿಕ್ಕೀತು. ಆಗ ವಿಮೆಯ ಅಗತ್ಯವೇ ಕಡಿಮೆ.

ಕಾಗದದಲ್ಲಿ ಸೈನಿಕನೇ ಯಜಮಾನ. ಆದರೆ ನಿರ್ಧಾರದ ಭಾರ ಬಹಳ ವೇಳೆ ಹೆಂಡತಿಯ ಮೇಲೆ ಬೀಳುತ್ತದೆ. ಅವನು ಆರೇಳು ತಿಂಗಳು ಹಡಗಿನಲ್ಲೋ ಮರುಭೂಮಿಯಲ್ಲೋ ಇದ್ದಾಗ ಮಗುವಿನ ಮುಖ ಊದಿಕೊಂಡರೆ ಡಾಕ್ಟರ ಬಾಗಿಲು ತಟ್ಟುವವಳು ಅವಳು. ಹೊರಡುವ ಮುನ್ನ ಇಂಥ ವ್ಯವಹಾರಗಳಿಗೆಂದೇ ಮನೆಯಲ್ಲಿರುವವರ ಹೆಸರಿಗೆ ಮುಖ್ತ್ಯಾರನಾಮೆ ಬರೆದುಕೊಟ್ಟು ಹೋಗುವ ಪದ್ಧತಿಯಿದೆ. ಅವಳು ತಾನೂ ಕೆಲಸದಲ್ಲಿದ್ದು ಅಲ್ಲಿ ಹಲ್ಲಿನ ವಿಮೆ ಇದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟು ತೂಗಬೇಕು. ವರ್ಗವಾದಾಗಲೆಲ್ಲ ಕೆಲಸ ಕಳೆದುಕೊಳ್ಳುವವಳು ಆ ವಿಮೆಯನ್ನು ಎಷ್ಟು ನೆಚ್ಚಬಹುದೆಂಬುದೂ ತೂಕಕ್ಕೆ ಸೇರುತ್ತದೆ. ಒಂದೇ ಮಗುವೋ ಹೆಂಡತಿಯೊಬ್ಬಳೋ ಆದರೆ ಒಂದು ಕಂತು. ಎರಡು ತಲೆಯಾದ ಕೂಡಲೇ ಕುಟುಂಬದ ಕಂತು. ಆಮೇಲೆ ಇಬ್ಬರಾದರೂ ಅಷ್ಟೇ, ಐವರಾದರೂ ಅಷ್ಟೇ. ದೊಡ್ಡ ಸಂಸಾರಕ್ಕೆ ಇದೊಂದು ಲಾಭ. ಹೊಸದಾಗಿ ಮದುವೆಯಾದ, ಇಪ್ಪತ್ತೆರಡರ, ಹಲ್ಲು ಗಟ್ಟಿಯಿರುವ ಜೋಡಿ ಈ ವರ್ಷ ಬೇಡವೆಂದು ಬಿಟ್ಟರೆ ಅದನ್ನು ಅವಿವೇಕ ಎನ್ನಲಾಗದು. ಮಗು ಬಂದ ಮೇಲೆ ಬಿಟ್ಟರೆ ಮಾತು ಬೇರೆ. ಹಾಲುಹಲ್ಲು ಹೇಗೂ ಬೀಳುತ್ತದಲ್ಲ ಎಂಬ ಸಮಾಧಾನ ಬಹಳ ಮನೆಗಳನ್ನು ಕೆಡಿಸಿದೆ, ಅಲ್ಲಿಯೂ ಇಲ್ಲಿಯೂ.

ಅರೆಕಾಲಿಕ ಸೈನಿಕರ, ಅಂದರೆ ಮೀಸಲು ಪಡೆ ಮತ್ತು ನ್ಯಾಷನಲ್ ಗಾರ್ಡ್‌ನವರ ಪಾಡು ಇನ್ನೊಂದು ಬಗೆ. 1990–91ರ ಕೊಲ್ಲಿ ಯುದ್ಧಕ್ಕೂ 2001ರ ಅನಂತರದ ಯುದ್ಧಗಳಿಗೂ ಇವರನ್ನು ಕರೆದಾಗ, ಎಷ್ಟೋ ಮಂದಿಯ ಹಲ್ಲು ಮೂರು ನಾಲ್ಕನೆಯ ದರ್ಜೆಯಲ್ಲಿ ಸಿಕ್ಕಿ, ಹೊರಡುವ ಮುನ್ನ ಅವಸರದಲ್ಲಿ ಕೀಳುವ, ತುಂಬುವ ಕೆಲಸ ನಡೆಯಿತು. 2001ರಿಂದ ಇವರಿಗೂ ಇದೇ ದಂತವಿಮೆಯ ಬಾಗಿಲು ತೆರೆದಿದೆ. ಅದು ತೆರೆದ ರೀತಿ ಮಾತ್ರ ವಿಚಿತ್ರ. ಮೀಸಲು ಸೈನಿಕನ ಹಲ್ಲಿಗೆ ಸರ್ಕಾರ ಅದೇ ಅರವತ್ತು ಪಾಲು ಕೊಡುತ್ತದೆ, ಅವನ ಮನೆಯವರ ಕಂತನ್ನು ಪೂರ್ತಿ ಅವನೇ ಕಟ್ಟಬೇಕು. ಅವನು ಯುದ್ಧಕ್ಕೆ ಕರೆಬಂದು ಸಮವಸ್ತ್ರ ತೊಟ್ಟ ದಿನಗಳಲ್ಲಿ ಮನೆಯವರ ಕಂತಿಗೂ ಸರ್ಕಾರದ ಪಾಲು ಸೇರುತ್ತದೆ. ಮರಳಿದ ಮೇಲೆ ಮತ್ತೆ ಮೊದಲಿನಂತೆ. ಕಾಡತೂಸು ಕಚ್ಚುವ ಹಲ್ಲು ಯಾರದೋ ಅವರಿಗಷ್ಟೇ ಮನ್ನಣೆ ಎಂಬ ಹಳೆಯ ಲೆಕ್ಕ ಇಲ್ಲಿ ಹಸಿಹಸಿಯಾಗಿ ಕಾಣುತ್ತದೆ.

ನಮ್ಮ ದೇಶದ ಸೈನಿಕ ಕುಟುಂಬಕ್ಕೆ ಈ ತಲೆಬಿಸಿ ಹೊಸದೆನಿಸಬಹುದು. ಭಾರತೀಯ ಸೇನೆಯ ದಂತದಳ ರೂಪುಗೊಂಡದ್ದು 1941ರಲ್ಲಿ. ಸೇವೆಯಲ್ಲಿರುವವರ ಮನೆಯವರು ಹೋಗುವುದು ಸೇನೆಯ ಆಸ್ಪತ್ರೆ, ದಂತಕೇಂದ್ರಗಳಿಗೇ. ನಿವೃತ್ತರಿಗೆ 2003ರಲ್ಲಿ ಆರಂಭವಾದ ಮಾಜಿ ಸೈನಿಕರ ಆರೋಗ್ಯ ಯೋಜನೆ ಇದೆ. ದರ್ಜೆಗೆ ತಕ್ಕ ಹಣವನ್ನು ಒಮ್ಮೆ ಕಟ್ಟಿದರೆ ಅದು ಜೀವಮಾನಕ್ಕೆ. ಕೊಡಗಿನ ನಿವೃತ್ತ ಸುಬೇದಾರರೊಬ್ಬರು ಸರತಿ ಉದ್ದವೆಂದು ಗೊಣಗಿಯಾರು, ಈ ವರ್ಷ ಸೇರಲೋ ಬಿಡಲೋ ಎಂದು ಕೂತು ಗುಣಿಸಬೇಕಾಗಿಲ್ಲ.

ಅಮೆರಿಕದ ನಿವೃತ್ತರದ್ದು ‘ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ’ ಎಂಬ ಗಾದೆಯನ್ನು ತಿರುವಿಹಾಕಿದ ಸ್ಥಿತಿ. ಹಲ್ಲು ಗಟ್ಟಿಯಿದ್ದ ವಯಸ್ಸಿನಲ್ಲಿ ಸರ್ಕಾರದ ಹಣ ಜೊತೆಗಿತ್ತು. ಇಪ್ಪತ್ತು ವರ್ಷ ದುಡಿದು ಹೊರಬಂದು ವಸಡು ಸಡಿಲವಾಗುವ ಹೊತ್ತಿಗೆ ಆ ಹಣ ಹಿಂದೆ ಸರಿಯಿತು. 1998ರಲ್ಲಿ ನಿವೃತ್ತರಿಗೆಂದು ಬಂದ ದಂತವಿಮೆಯಲ್ಲಿ ಪೂರ್ತಿ ಕಂತು ಅವರದೇ. ಅದೂ 2018ರ ಡಿಸೆಂಬರ್ 31ಕ್ಕೆ ಮುಗಿದು, ನಿವೃತ್ತ ಸೈನಿಕರನ್ನು ಕೇಂದ್ರ ಸರ್ಕಾರಿ ನೌಕರರ ದಂತವಿಮಾ ಯೋಜನೆಯೊಳಗೆ ಬಿಟ್ಟರು. ಇಲ್ಲಿ ಕಂಪನಿಗಳು ಹಲವು, ದರಗಳು ಹಲವು, ಊರಿಗೊಂದು ಕಂತು. ಆಯ್ಕೆ ಹೆಚ್ಚಾದದ್ದು ನಿಜ. ಆದರೆ ಹಳೆಯ ಯೋಜನೆಯಲ್ಲಿದ್ದವರನ್ನು ತಾನಾಗಿ ಹೊಸದಕ್ಕೆ ಸೇರಿಸಲಿಲ್ಲ. ನವೆಂಬರ್ 12ರಿಂದ ಡಿಸೆಂಬರ್ 10ರೊಳಗೆ ತಾವೇ ಆರಿಸಿಕೊಳ್ಳದವರು ಹೊಸ ವರ್ಷದ ದಿನ ವಿಮೆಯಿಲ್ಲದೆ ಎದ್ದರು. ಈಚೆಗೆ ನಿವೃತ್ತರಾಗುವವರಿಗೆ ನಿವೃತ್ತಿಯ 31 ದಿನ ಮೊದಲಿನಿಂದ 60 ದಿನ ಅನಂತರದ ತನಕ ಗಡುವು. ಮನೆ ಖಾಲಿಮಾಡಿ, ಹೊಸ ಕೆಲಸ ಹುಡುಕಿ, ಮಕ್ಕಳನ್ನು ಹೊಸ ಶಾಲೆಗೆ ಸೇರಿಸುವ ಗಡಿಬಿಡಿಯ ದಿನಗಳೇ ಅವು.

ಈ ಇಡೀ ಏರ್ಪಾಡಿನಲ್ಲಿ ಮನೆಯವರು ನಿರ್ಧರಿಸಬೇಕಾಗಿಯೂ ಇಲ್ಲದ, ಕಂತು ಕಟ್ಟಬೇಕಾಗಿಯೂ ಇಲ್ಲದ ಸಂದರ್ಭ ಒಂದಿದೆ. ಸೈನಿಕ ಸೇವೆಯಲ್ಲಿರುವಾಗಲೇ ತೀರಿಕೊಂಡರೆ ಅವನ ಕುಟುಂಬದ ದಂತವಿಮೆಯ ಕಂತಿನ ನೂರಕ್ಕೆ ನೂರನ್ನೂ ಸರ್ಕಾರ ಕೊಡುತ್ತದೆ: ಹೆಂಡತಿಗೆ ಮೂರು ವರ್ಷ, ಮಕ್ಕಳಿಗೆ ಇಪ್ಪತ್ತೊಂದು ತುಂಬುವವರೆಗೆ, ಕಾಲೇಜು ಓದುತ್ತಿದ್ದರೆ ಇಪ್ಪತ್ತಮೂರರವರೆಗೆ. ಕಂತು ಮಾತ್ರ. ಡಾಕ್ಟರ ಬಿಲ್ಲಿನಲ್ಲಿ ಮನೆಯವರ ಪಾಲು ಎಷ್ಟಿತ್ತೋ ಅಷ್ಟನ್ನು ಆಗಲೂ ಕೊಡಬೇಕು.